ಕಾಲುವೆ ದಂಡೆಯ ಕ್ಯಾಂಪ್: ಓದುಗರು ಕೇಳಿದ್ದು, ನಾನು ಹೇಳಿದ್ದು

ಹಿಂದಿನ ಸಂಚಿಕೆಯಲ್ಲಿ ಒಬ್ಬರು ಗಂಗಾವತಿ ಅಕ್ಕಿಯ ಬಗ್ಗೆ ಕೇಳಿದ್ದರು. ಉತ್ತರ ಬರೆಯುತ್ತಾ, ನಾನು ಹುಟ್ಟಿ ಬೆಳೆದದ್ದು ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಒಂದು ಕ್ಯಾಂಪಿನಲ್ಲಿ ಅಂತ ಒಂದು ಸಾಲು ಸೇರಿಸಿದ್ದೆ. ಅಷ್ಟೇ ಸಾಕಾಯಿತು. ಅಕ್ಕಿಯನ್ನು ಎಲ್ಲರೂ ಮರೆತರು, ಕ್ಯಾಂಪನ್ನು ಹಿಡಿದುಕೊಂಡರು. ಬಂದ ಪತ್ರಗಳಲ್ಲಿ ಕೆಲವು ಪ್ರೀತಿಯವು, ಒಂದೆರಡು ಜಗಳದವು. ಜಗಳದವೇ ನನಗೆ ಜಾಸ್ತಿ ಇಷ್ಟವಾದವು. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಗಂಗಾವತಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ‘ಕ್ಯಾಂಪ್’ ಅಂತ ಬೋರ್ಡುಗಳು. ಮೊದಲು ಮಿಲಿಟರಿಯವರದ್ದು ಅಂದುಕೊಂಡೆ. ಅಲ್ಲಿ ಇರುವವರು ಯಾರು? ಯಾವಾಗ ಬಂದರು? (ಓದುಗರು, ತುಮಕೂರು)

ಮಿಲಿಟರಿ ಅಲ್ಲ, ನಾವೇ ಇರುವುದು! ಹೆಚ್ಚಿನ ಕ್ಯಾಂಪುಗಳು ಗೋದಾವರಿ, ಕೃಷ್ಣಾ, ಗುಂಟೂರು ಜಿಲ್ಲೆಗಳಿಂದ ಬಂದ ತೆಲುಗು ರೈತರು ಕಟ್ಟಿಕೊಂಡವು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬಿಡಾರ ಹೂಡಿದ್ದು ಊರಾಯಿತು. ಶ್ರೀರಾಮನಗರ, ಗಾಂಧಿನಗರದಂಥವು ದೊಡ್ಡದಾಗಿ ಬೆಳೆದು ಅಂಗಡಿ, ಬ್ಯಾಂಕು, ಕಾಲೇಜು ಕಂಡವು. ಉಳಿದವು ಇನ್ನೂ ನಾಲ್ಕು ಬೀದಿ, ಒಂದು ರಾಮನ ಗುಡಿ, ಒಂದು ಶಾಲೆಯಲ್ಲೇ ಇವೆ.

ಕಥೆ ಅಣೆಕಟ್ಟಿನಿಂದ ಶುರುವಾಗಬೇಕು. ತುಂಗಭದ್ರೆಗೆ ಅಡ್ಡಲಾಗಿ ಕಟ್ಟೆ ಕಟ್ಟಲು 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಹಾಕಿದರು. ನದಿಯ ಬಲಕ್ಕೆ ಮದ್ರಾಸ್ ಪ್ರಾಂತ್ಯ, ಎಡಕ್ಕೆ ನಿಜಾಮರ ಹೈದರಾಬಾದ್. ಇಬ್ಬರದ್ದೂ ಪಾಲು ಇದ್ದದ್ದರಿಂದ ಎರಡು ದಂಡೆಯಲ್ಲೂ ಸಮಾರಂಭ ಆಯಿತು. ಕೆಲಸ ಮುಗಿಯುವಷ್ಟರಲ್ಲಿ ಬ್ರಿಟಿಷರೂ ಹೋಗಿದ್ದರು, ನಿಜಾಮರ ಆಡಳಿತವೂ ಹೋಗಿತ್ತು. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹೋಗುತ್ತದೆ. ಉದ್ದ 227 ಕಿಲೋಮೀಟರ್.

ನಮ್ಮ ತಾತ ಆಂಧ್ರದ ಗೋದಾವರಿ ಸೀಮೆಯ ಭೀಮವರಂ ಹತ್ತಿರದ ಹಳ್ಳಿಯವರು. ಆ ಸೀಮೆಗೆ ಕಾಲುವೆ ಹೊಸದಲ್ಲ. ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಧವಳೇಶ್ವರದಲ್ಲಿ ಗೋದಾವರಿಗೆ ಒಡ್ಡು ಕಟ್ಟಿಸಿದ್ದು 1852ರಲ್ಲಿ. ಅಂದರೆ ತಾತ ಹುಟ್ಟುವ ಹೊತ್ತಿಗಾಗಲೇ ಆ ಊರವರು ಮೂರು ತಲೆಮಾರು ಕಾಲುವೆ ನೀರು ಕಂಡಿದ್ದರು. ನೀರಿಗೆ ಕೊರತೆ ಇರಲಿಲ್ಲ, ನೆಲಕ್ಕಿತ್ತು. ಅಣ್ಣತಮ್ಮಂದಿರು ಪಾಲು ಹಂಚಿಕೊಂಡು ಹಂಚಿಕೊಂಡು ತಾತನಿಗೆ ಉಳಿದದ್ದು ಎರಡು ಎಕರೆ ಚಿಲ್ಲರೆ. ತುಂಗಭದ್ರಾ ಕೆಳಗೆ ಹೊಸ ಕಾಲುವೆ ಬರುತ್ತಿದೆ, ಅಲ್ಲಿ ಭೂಮಿ ಅಗ್ಗ ಅಂತ ಸುದ್ದಿ ಹಬ್ಬಿತು. ಒಂದು ಎಕರೆ ಮಾರಿದ ದುಡ್ಡಿಗೆ ಇಲ್ಲಿ ಆರೇಳು ಎಕರೆ ಬರುತ್ತಿತ್ತು ಅಂತ ತಾತ ಹೇಳುತ್ತಿದ್ದರು.

ಮೊದಲು ಗಂಡಸರು ನಾಲ್ಕೈದು ಮಂದಿ ಸೇರಿ ಬಂದು ನೋಡಿಕೊಂಡು ಹೋದರು. ಆಮೇಲೆ ಸಂಸಾರ ಕಟ್ಟಿಕೊಂಡು ಬೆಜವಾಡ (ಈಗಿನ ವಿಜಯವಾಡ), ಗುಂತಕಲ್ ಮೇಲೆ ಹೊಸಪೇಟೆಗೆ ರೈಲು. ಅಲ್ಲಿಂದ ಮುಂದೆ ಬಸ್ಸು, ಕೊನೆಗೆ ಎತ್ತಿನ ಗಾಡಿ. ಸಾಮಾನಿನಲ್ಲಿ ವೆಂಕಟೇಶ್ವರನ ಪಟದ ಜೊತೆ ಕಾಟನ್ ದೊರೆಯ ಪಟವೂ ಇತ್ತು. ನಮ್ಮ ಮನೆಯಲ್ಲಿ ಎರಡಕ್ಕೂ ಊದಿನಕಡ್ಡಿ ಬೆಳಗುತ್ತಿದ್ದರು. ಚಿಕ್ಕವಳಿದ್ದಾಗ ಟೋಪಿ ಹಾಕಿಕೊಂಡ ದೇವರು ಯಾವುದು ಅಂತ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಇಲ್ಲಿ ಇಳಿದಾಗ ನಾನಮ್ಮ, ಅಂದರೆ ಅಪ್ಪನ ತಾಯಿ, ಅತ್ತುಬಿಟ್ಟರಂತೆ. ತೆಂಗಿನಮರ ಇಲ್ಲ, ಕೊಳ ಇಲ್ಲ. ಕಣ್ಣು ಹಾಯುವಷ್ಟು ದೂರ ಎರೆ ನೆಲ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆ ಬಂದರೆ ಚಪ್ಪಲಿ ಬಿಟ್ಟು ಬರಬೇಕಾದಂಥ ಅಂಟು. ಜಾಲಿ ಕಂಬ ನೆಟ್ಟು, ಜೋಳದ ದಂಟಿನ ತಡಿಕೆ ಕಟ್ಟಿ, ಮೇಲೆ ಹುಲ್ಲು ಹೊದಿಸಿದ್ದೇ ಮನೆ. ಚೇಳು ಬೀಳುತ್ತವೆ ಅಂತ ತೊಟ್ಟಿಲ ಮೇಲೆ ಪಂಚೆ ಕಟ್ಟುತ್ತಿದ್ದರು. ಕುಡಿಯಲು ಕಾಲುವೆ ನೀರೇ ಗತಿ. ಕೊಡದಲ್ಲಿ ಪಟಿಕದ ತುಂಡು ಆಡಿಸಿ, ಕೆಸರು ತಳಕ್ಕೆ ಇಳಿದ ಮೇಲೆ ಬಟ್ಟೆಯಲ್ಲಿ ಸೋಸಿ ಕುಡಿಯುವುದು. ಬೇಸಿಗೆಯಲ್ಲಿ ಕಾಲುವೆ ನಿಲ್ಲಿಸಿದರೆ ಅದೂ ಇಲ್ಲ. ಕಾಲುವೆ ಬಂದ್ ಆಗುವ ಮೊದಲು ಕುಡಿಯುವ ನೀರಿನ ಕೆರೆ ತುಂಬಿಸಿಟ್ಟುಕೊಳ್ಳುವ ಅಭ್ಯಾಸ ನಮ್ಮ ಕಡೆ ಇವತ್ತಿಗೂ ಇದೆ.

ತಾತ ಬಂದಾಗ ಇದು ಹೈದರಾಬಾದ್ ರಾಜ್ಯ. ಮೂರೇ ವರ್ಷದಲ್ಲಿ, 1956ರ ನವೆಂಬರ್ 1ಕ್ಕೆ, ಮೈಸೂರು ರಾಜ್ಯವಾಯಿತು. ಅದೇ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ನಾವು ಈ ಕಡೆ ಉಳಿದೆವು. ಕ್ಯಾಂಪಿನ ದೊಡ್ಡವರು ರಾತ್ರಿ ಕೂತು ‘ಈಗೇನು ಮಾಡೋದು, ವಾಪಸ್ ಹೋಗೋದಾ’ ಅಂತ ಮಾತಾಡಿಕೊಂಡರಂತೆ. ಅಷ್ಟರಲ್ಲಿ ನಾಟಿ ಮಾಡಿದ್ದ ನೆಲ್ಲು (ಭತ್ತ) ಹೊಡೆ ಒಡೆದಿತ್ತು. ಬೆಳೆ ಬಿಟ್ಟು ಯಾರು ಹೋಗ್ತಾರೆ?

ಪ್ರಶ್ನೆ: ನಿಮ್ಮ ಕ್ಯಾಂಪಿನ ಹೆಸರೇನು? (ಓದುಗರು, ಹಾಸನ)

ಹೇಳಲ್ಲ. ಮುಂದೆ ಬರೆಯುವುದನ್ನು ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅಲ್ಲಿ ನನಗೆ ಇನ್ನೂ ಚಹಾ ಕೊಡುವ ಮನೆಗಳು ಬೇಕು. ಕಾರಟಗಿಗೂ ಸಿಂಧನೂರಿಗೂ ನಡುವೆ ಎಲ್ಲೋ ಅಂದುಕೊಳ್ಳಿ.

ಪ್ರಶ್ನೆ: ನಮ್ಮ ಕಡೆ ‘ಕನ್ನಡದವರಿಗೆ ನೆಲ್ಲು ಬೆಳೆಯೋದು ಕಲಿಸಿದ್ದೇ ಆಂಧ್ರದವರು’ ಅಂತ ಹೇಳುತ್ತಾರೆ. ನಿಜವಾ? (ಓದುಗರು, ದಾವಣಗೆರೆ)

ನಮ್ಮ ಕ್ಯಾಂಪಿನ ಕಟ್ಟೆಯ ಮೇಲೂ ಈ ಮಾತು ದಿನಾ ಕೇಳಿಸುತ್ತದೆ. ಪೂರ್ತಿ ಸುಳ್ಳು. ಆನೆಗೊಂದಿ, ಹಂಪಿ, ಹೊಸಪೇಟೆ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳು ಇವತ್ತಿಗೂ ಹರಿಯುತ್ತಿವೆ. ಹಂಪಿಗೆ ಹೋದವರು ತುರ್ತು ಕಾಲುವೆ ದಾಟಿಯೇ ಇರುತ್ತಾರೆ. ಐನೂರು ವರ್ಷಗಳಿಂದ ಆ ನೀರಿಗೆ ಭತ್ತ, ಬಾಳೆ ಬೆಳೆಯುತ್ತಿದ್ದಾರೆ. ನಮ್ಮ ತಾತ ಗಾಡಿಯಿಂದ ಇಳಿದ ಜಾಗದಿಂದ ಅದೇನು ಬಹಳ ದೂರವೂ ಅಲ್ಲ.

ಹೊಳೆ ದಂಡೆ ಬಿಟ್ಟು ಮೇಲಿನ ಎರೆ ಹೊಲಗಳಲ್ಲಿ ಮಾತ್ರ ನೆಲ್ಲು ಇರಲಿಲ್ಲ. ಅಲ್ಲಿಗೆ ನೆಲ್ಲು ತಂದವರು ಕ್ಯಾಂಪಿನವರು. ಎರೆ ಹೊಲವನ್ನು ಸಮ ಮಾಡಿ, ಮಡಿ ಕಟ್ಟಿ, ನೀರು ನಿಲ್ಲಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು ಅಂತ ತೋರಿಸಿದ್ದು ಅವರೇ. ಅದರ ಹಿಂದೆಯೇ ರೈಸ್ ಮಿಲ್ಲುಗಳು, ಗೊಬ್ಬರದ ಅಂಗಡಿಗಳು, ಎಪಿಎಂಸಿಯ ಗದ್ದಲ ಬಂತು. ಬಾಪಟ್ಲದ ಸಂಶೋಧನಾ ಕೇಂದ್ರದಲ್ಲಿ ತಯಾರಾದ ಬಿಪಿಟಿ 5204 ಭತ್ತದ ತಳಿ ಬಂದ ಮೇಲಂತೂ ಗಂಗಾವತಿ, ಕಾರಟಗಿ ಅಕ್ಕಿಗೆ ಬೆಂಗಳೂರಿನವರೆಗೂ ಹೆಸರಾಯಿತು. ಈ ಹೊಗಳಿಕೆ ನಮಗೆ ಸಲ್ಲಬೇಕು, ಬೇಡ ಅನ್ನುವುದಿಲ್ಲ. ಆದರೆ ‘ಕಲಿಸಿದ್ದು ನಾವು’ ಅನ್ನುವ ಧಿಮಾಕು ಬೇಡ.

ಪ್ರಶ್ನೆ: ಬರಡು ಭೂಮಿಯನ್ನು ಬಂಗಾರ ಮಾಡಿದಿರಿ ಅಂತ ನೀವು ಕ್ಯಾಂಪಿನವರು ಭಾಷಣ ಮಾಡುತ್ತೀರಿ. ನಮ್ಮಜ್ಜನ ಹೊಲ ಬರಡಾಗಿತ್ತೇನು? ಅದರಲ್ಲಿ ಬಿಳಿಜೋಳ ಬೆಳೆದು ಹಗೇವು (ನೆಲದೊಳಗಿನ ಕಾಳಿನ ಕಣಜ) ತುಂಬಿಸುತ್ತಿದ್ದ. ಇದನ್ನು ಯಾರಾದರೂ ಬರೆಯುತ್ತೀರಾ? (ಓದುಗರು, ಕೊಪ್ಪಳ)

ಇದೇ ನಾನು ಹೇಳಿದ ಜಗಳದ ಪತ್ರ. ಬರೆಯುತ್ತೇನೆ.

ಬರಡಾಗಿರಲಿಲ್ಲ. ಎರೆ ಭೂಮಿ ಹಿಂಗಾರಿಗೆ ಚಿನ್ನ. ಮಳೆಗಾಲದ ತೇವ ಹಿಡಿದಿಟ್ಟುಕೊಂಡು, ಆಮೇಲೆ ಒಂದು ಹನಿ ಬೀಳದಿದ್ದರೂ ಜೋಳ, ಕಡಲೆ, ಕುಸುಬೆ, ಹತ್ತಿ ಬೆಳೆದುಕೊಡುತ್ತದೆ. ಮಳೆ ಕೈಕೊಟ್ಟ ವರ್ಷ ಬರ ಬರುತ್ತಿತ್ತು, ಅದು ನಿಜ. ಅಣೆಕಟ್ಟು ಕಟ್ಟಿದ್ದೇ ಆ ಬರಕ್ಕಾಗಿ. ‘ಎರೆಗೆ ನೀರು ಬಿಟ್ಟರೆ ನೆಲ ಕೆಡುತ್ತದೆ’ ಅಂತ ಊರಿನ ಹಿರಿಯರು ಹೇಳುತ್ತಿದ್ದರು. ನಮ್ಮವರು ನಕ್ಕರು. ಆಮೇಲೆ ಏನಾಯಿತು? ನೀರು ಬಸಿಯದ ತಗ್ಗು ಹೊಲಗಳಲ್ಲಿ ಉಪ್ಪು ಮೇಲೆದ್ದು ನೆಲ ಬೆಳ್ಳಗಾಯಿತು. ಸವಳು, ಜವಳು ಅನ್ನುವುದು ಇವತ್ತು ಈ ಅಚ್ಚುಕಟ್ಟಿನ ದೊಡ್ಡ ರೋಗ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಎಷ್ಟೋ ವರ್ಷಗಳಿಂದ ಅದರ ಮೇಲೇ ಕೆಲಸ ಮಾಡುತ್ತಿದ್ದಾರೆ. ನೆಲದೊಳಗೆ ತೂತಿನ ಪೈಪು ಹೂತು ಉಪ್ಪುನೀರು ಹೊರಗೆ ಬಸಿಯುವ ಪದ್ಧತಿ ಹೇಳಿಕೊಡುತ್ತಾರೆ. ಹಿರಿಯರು ಹೇಳಿದ್ದು ಸುಮ್ನೆ ಅಲ್ಲ ಅಂತ ಒಪ್ಪಿಕೊಳ್ಳಲು ಇದಕ್ಕಿಂತ ಸಾಕ್ಷಿ ಬೇಕಾ?

ಹೊಲ ಯಾಕೆ ಮಾರಿದರು ಅಂತ ನಮ್ಮ ಕಡೆಯ ಹೊಸ ಹುಡುಗರು ಕೇಳುತ್ತಾರೆ. ‘ಸೋಮಾರಿಗಳು, ಅದಕ್ಕೇ ಮಾರಿದರು’ ಅಂತ ಉತ್ತರವನ್ನೂ ಅವರೇ ಕೊಟ್ಟುಕೊಳ್ಳುತ್ತಾರೆ. ನನಗೆ ಮೈ ಉರಿಯುತ್ತದೆ. ನೀರಾವರಿ ಅಂದರೆ ನೀರು ಬಂದ ಕೂಡಲೇ ಬೆಳೆಯಲ್ಲ. ಏರುಪೇರಿನ ಹೊಲವನ್ನು ಅಳತೆ ಹಿಡಿದು ಸಮ ಮಾಡಬೇಕು. ಬದು, ಕಾಲುವೆ, ಬಸಿಗಾಲುವೆ ಮಾಡಬೇಕು. ಬೀಜ, ಗೊಬ್ಬರ, ಕೂಲಿ ಎಲ್ಲದಕ್ಕೂ ಮೊದಲೇ ದುಡ್ಡು ಹಾಕಬೇಕು. ಜೋಳದ ಹೊಲದವನ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿತ್ತು? ಗೋದಾವರಿ, ಕೃಷ್ಣಾ ಡೆಲ್ಟಾದಲ್ಲಿ ಎಕರೆ ಮಾರಿ ಬಂದವರ ಕೈಯಲ್ಲಿ ಇತ್ತು. ನೂರಾರು ಎಕರೆ ಇದ್ದ ದೊಡ್ಡ ಹಿಡುವಳಿದಾರರೂ ಒಂದೇ ಏಟಿಗೆ ಮಾರಿದರು, ಅವರಿಗೆ ಕಷ್ಟವೇನಿರಲಿಲ್ಲ. ಪೆಟ್ಟು ಬಿದ್ದದ್ದು ಮಗಳ ಮದುವೆಗೋ ಸಾಲಕ್ಕೋ ನಾಲ್ಕೈದು ಎಕರೆ ಕೊಟ್ಟವರಿಗೆ.

ನಮ್ಮ ತಾತನಿಗೆ ಹೊಲ ಕೊಟ್ಟವರು ಪಕ್ಕದ ಹಳ್ಳಿಯವರು. ಎರಡು ವರ್ಷ ಕಳೆದ ಮೇಲೆ ಅದೇ ಹೊಲಕ್ಕೆ ಕೂಲಿಗೆ ಬಂದರು. ನನಗೆ ಬುದ್ಧಿ ಬರುವ ಹೊತ್ತಿಗೆ ಅವರಿಗೆ ವಯಸ್ಸಾಗಿತ್ತು, ನೀರು ಕಟ್ಟುವ ಕೆಲಸ ಮಾತ್ರ ಮಾಡುತ್ತಿದ್ದರು. ಸಲಿಕೆ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಯಾವ ಮಡಿಯಲ್ಲಿ ನೀರು ನಿಲ್ಲುತ್ತದೆ, ಯಾವುದರಲ್ಲಿ ಇಂಗುತ್ತದೆ ಅಂತ ಅವರಿಗೆ ಅಂಗಾಲಿನಲ್ಲೇ ಗೊತ್ತಾಗುತ್ತಿತ್ತು. ತಾತ ಯಾವ ಮಡಿಗೆ ಎಷ್ಟು ಅಂತ ಅವರನ್ನೇ ಕೇಳುತ್ತಿದ್ದರು. ಒಂದು ದಿನ ಆ ಅಜ್ಜ ಈಶಾನ್ಯದ ಮೂಲೆ ತೋರಿಸಿ ನನಗೆ ಅಂದರು: ‘ಇಲ್ಲಿ ಕಡ್ಲಿ ಭಾಳ ಚಲೋ ಬರ್ತಿತ್ತವ್ವ.’ ಅಷ್ಟೇ ಹೇಳಿ ನೀರು ತಿರುಗಿಸಲು ಹೋದರು. ನಮ್ಮ ಮನೆಯಲ್ಲಿ ಅವರಿಗೆ ಊಟ ಹಾಕುತ್ತಿದ್ದರು, ಮರ್ಯಾದೆಯಿಂದ ಮಾತಾಡಿಸುತ್ತಿದ್ದರು. ಆದರೆ ಊಟ ಜಗುಲಿಯ ಮೇಲೆ, ಒಳಗಲ್ಲ.

ಇನ್ನೊಂದು ಲೆಕ್ಕ ಕ್ಯಾಂಪಿನವರೂ ಹೇಳಲ್ಲ, ಹಳ್ಳಿಯವರೂ ಹೇಳಲ್ಲ. ಈ ಕಾಲುವೆಗೆ ನೀರು ಕೊಡುವ ಜಲಾಶಯದಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಅಂತ ದೊಡ್ಡ ಊರೇ ಇತ್ತು. ಆ ಜನಕ್ಕೆ ಎಷ್ಟೋ ಕಡೆ ಈ ಕಾಲುವೆಯ ಹನಿ ನೀರೂ ಸಿಗಲಿಲ್ಲ. ಕೊಪ್ಪಳದ ಓದುಗರೇ, ನಿಮ್ಮ ಸಿಟ್ಟಿನಲ್ಲಿ ಅವರಿಗೂ ಒಂದು ಪಾಲು ಇಡಿ.

ಪ್ರಶ್ನೆ: ನಾನು ಕಾಲುವೆಯ ಕೊನೆ ಭಾಗದ ರೈತ. ನಮ್ಮ ಹೊಲಕ್ಕೆ ಕಾಲುವೆ ಇದೆ, ನೀರಿಲ್ಲ. ಮೇಲಿನವರು ಎರಡು ಬೆಳೆ ನೆಲ್ಲು ಬೆಳೆಯುತ್ತಾರೆ. ಇದು ಮೊದಲಿನಿಂದಲೂ ಹೀಗೇನಾ? (ಓದುಗರು, ಮಾನ್ವಿ)

ಮೊದಲಿನಿಂದಲೂ ಹೀಗೇ. ಕಾಗದದ ಮೇಲೆ ಮಾತ್ರ ಬೇರೆ.

ಯೋಜನೆ ಮಾಡಿದವರ ಲೆಕ್ಕ ಚೆನ್ನಾಗಿಯೇ ಇತ್ತು. ಇದು ಬರದ ಸೀಮೆ, ಇರುವ ನೀರನ್ನು ತೆಳ್ಳಗೆ ಹರಡಿ ಆದಷ್ಟು ಜಾಸ್ತಿ ಎಕರೆಗೆ ಮುಟ್ಟಿಸಬೇಕು ಅಂತ. ಅದಕ್ಕೇ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಮೊದಲೇ ಗೊತ್ತು ಮಾಡಿದರು. ಹೆಚ್ಚಿನ ಹೊಲಗಳಿಗೆ ಜೋಳ, ಹತ್ತಿ, ಶೇಂಗಾದಂಥ ಲಘು ನೀರಾವರಿ ಬೆಳೆ. ನೆಲ್ಲಿಗೆ ಸ್ವಲ್ಪ ಜಾಗ ಮಾತ್ರ. ಆದರೆ ತಲೆಭಾಗದಲ್ಲಿ ಹೊಲ ತೆಗೆದುಕೊಂಡವರು ಯಾರು? ಕಾಲುವೆ ನೀರಿನ ಗುಣ ಗೊತ್ತಿದ್ದ ನಮ್ಮವರು. ತೂಬಿನ ಹತ್ತಿರವೇ ನೋಡಿ ನೋಡಿ ಕೊಂಡರು. ಮೊದಮೊದಲು ಕಾಲುವೆಯಲ್ಲಿ ನೀರು ಬೇಕಾದಷ್ಟು ಇತ್ತು, ಕೊನೆಯಲ್ಲಿ ಇನ್ನೂ ಉಪಕಾಲುವೆಗಳೇ ಆಗಿರಲಿಲ್ಲ. ನೆಲ್ಲು ಹಚ್ಚಿದರು, ಅಧಿಕಾರಿಗಳು ಸುಮ್ಮನಿದ್ದರು. ಕೊನೆಯವರೆಗೂ ಕಾಲುವೆ ಮುಟ್ಟುವ ಹೊತ್ತಿಗೆ ಮೇಲಿನವರಿಗೆ ನೆಲ್ಲು ಹಕ್ಕಿನ ಬೆಳೆ ಆಗಿಬಿಟ್ಟಿತ್ತು. ಜೋಳಕ್ಕೆ ಬೇಕಾದ್ದರ ಎರಡು ಮೂರು ಪಟ್ಟು ನೀರು ನೆಲ್ಲಿಗೆ ಬೇಕು. ಮುಖ್ಯ ಕಾಲುವೆಗೆ 4,100 ಕ್ಯೂಸೆಕ್ ಬಿಟ್ಟರೂ ನಿಮ್ಮ ಕಡೆ 104ನೇ ಮೈಲಿಯ ಗೇಜಿನಲ್ಲಿ ನೀರು ಏರುವುದಿಲ್ಲ ಅಂದರೆ ಅದಕ್ಕೆ ಇದೇ ಕಾರಣ.

ಜೊತೆಗೆ ಜಲಾಶಯವೇ ಕುಗ್ಗಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಬಂದಿದೆ. ಎಕರೆ ಮಾತ್ರ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಅಚ್ಚುಕಟ್ಟಿಗೇ ಸೇರದ ಹೊಲಗಳಿಗೂ ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟು ನೀರು ಎತ್ತುತ್ತಾರೆ. ಪ್ರತಿ ಹಂಗಾಮಿನಲ್ಲೂ ದಂಡೆಯುದ್ದಕ್ಕೂ ನಿಷೇಧಾಜ್ಞೆ ಹಾಕುತ್ತಾರೆ. ಹಗಲು ಕಿತ್ತುಹಾಕಿದ ಪೈಪು ರಾತ್ರಿ ಮತ್ತೆ ನೀರಿಗಿಳಿಯುತ್ತದೆ.

ನೀರು ಕದಿಯುವುದು ಹೇಗೆ ಅಂತ ಕಾಲುವೆ ಪಕ್ಕದಲ್ಲಿ ಬೆಳೆದ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ತೂಬಿನ ಕೆಳಗೆ ಕಾಲುವೆಗೆ ಅಡ್ಡಲಾಗಿ ಕಲ್ಲು, ಮರಳಿನ ಚೀಲ, ಹುಲ್ಲಿನ ಸಿವುಡು ಹಾಕಿದರೆ ಆಯಿತು. ನೀರಿನ ಮಟ್ಟ ಒಂದು ಗೇಣು ಏರುತ್ತದೆ, ತೂಬಿನೊಳಗೆ ಜಾಸ್ತಿ ನುಗ್ಗುತ್ತದೆ. ಕಾಲುವೆ ಕಾಯುವ ಗ್ಯಾಂಗ್‌ಮನ್ ಸೈಕಲ್ ಮೇಲೆ ಬರುವುದು ದೂರದಿಂದಲೇ ಕಾಣಿಸುತ್ತದೆ, ಅಷ್ಟರಲ್ಲಿ ಸಿವುಡು ಎತ್ತಿದರೆ ಯಾವ ಗುರುತೂ ಇರಲ್ಲ. ಗೇಟಿನ ಚಕ್ರ ಬಿಚ್ಚಿಕೊಂಡು ಹೋದರೂ ಸ್ಪ್ಯಾನರ್ ಇಟ್ಟು ತಿರುಗಿಸುವ ನಿಪುಣರಿದ್ದಾರೆ. ಗ್ಯಾಂಗ್‌ಮನ್‌ಗಳ ಪಾಡು ಬೇರೆಯೇ. ಎಷ್ಟೋ ಜನ ಹಂಗಾಮಿ ನೌಕರರು. ಸಂಬಳಕ್ಕಾಗಿ ಅವರೇ ಧರಣಿ ಕೂರಬೇಕಾಗುತ್ತದೆ, ಅಂಥವರ ಕೈಗೆ ಲಕ್ಷಾಂತರ ಎಕರೆಯ ನೀರಿನ ಕೀಲಿ ಕೊಟ್ಟಿದ್ದೇವೆ.

ನಿಮಗೆ ನನ್ನ ಅಭಿಪ್ರಾಯವೂ ಬೇಕು ಅಲ್ವಾ? ಎರಡನೇ ಬೆಳೆಗೆ ತಲೆಭಾಗದಲ್ಲಿ ನೆಲ್ಲು ನಿಲ್ಲಿಸಲೇಬೇಕು. ಜೋಳ, ಕಡಲೆ, ಸೂರ್ಯಕಾಂತಿ ಹಾಕಲಿ. ಇದನ್ನು ನಮ್ಮ ಮನೆಯಲ್ಲಿ ಹೇಳಿದರೆ ಅಣ್ಣಂದಿರು ಊಟದ ತಟ್ಟೆ ಬಿಟ್ಟು ಏಳುತ್ತಾರೆ. ‘ಜವಳು ಹಿಡಿದ ಹೊಲದಲ್ಲಿ ನೆಲ್ಲು ಬಿಟ್ಟು ಏನು ಬರುತ್ತೆ, ನೀನೇ ಬೆಳೆದು ತೋರಿಸು’ ಅನ್ನುತ್ತಾರೆ. ಅವರ ಮಾತಿನಲ್ಲೂ ನಿಜವಿದೆ. ಪಕ್ಕದ ಮಡಿಯಲ್ಲಿ ನೀರು ನಿಂತಿರುವಾಗ ನಡುವೆ ಒಬ್ಬನೇ ಕಡಲೆ ಬಿತ್ತಿದರೆ ಬೇರು ಕೊಳೆಯುತ್ತದೆ. ಮಾಡಿದರೆ ಒಂದು ಉಪಕಾಲುವೆಯವರೆಲ್ಲ ಒಟ್ಟಿಗೆ ಮಾಡಬೇಕು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಸರಪಳಿ ಕಿತ್ತು ಕೊಚ್ಚಿಹೋಯಿತಲ್ಲ, ಆಗ ತಲೆಭಾಗದವರೂ ಕೊನೆ ಭಾಗದವರೂ ಒಂದೇ ಸಲ ಹೆದರಿದ್ದು ನೋಡಿದೆ. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಆ ಕೆಲಸ ಮಾಡಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಫೋಟೊ ನಮ್ಮ ಕಡೆ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಆಮೇಲೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನ ಆಯಿತು.

ಪ್ರಶ್ನೆ: ಕ್ಯಾಂಪಿನವರು ಮನೆಯಲ್ಲಿ ತೆಲುಗು ಮಾತಾಡುತ್ತಾರಾ? ಊಟ, ಹಬ್ಬ, ಮದುವೆ ಎಲ್ಲ ಆಂಧ್ರದ್ದೇ? (ಓದುಗರು, ಬೆಂಗಳೂರು)

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಾನು ಕನ್ನಡ ಶಾಲೆಯಲ್ಲೇ ಓದಿ, ಕನ್ನಡ ಶಾಲೆಯಲ್ಲೇ ಮೇಷ್ಟ್ರಾಗಿ ನಿವೃತ್ತಳಾದವಳು. ನನ್ನ ತೆಲುಗು ಕೇಳಿ ಭೀಮವರಂ ನೆಂಟರು ನಗುತ್ತಾರೆ. ಅದರಲ್ಲಿ ಅರ್ಧ ರಾಯಚೂರು ಕನ್ನಡವಂತೆ.

ಅಡುಗೆಯಲ್ಲಿ ಸೇರಿಕೊಂಡದ್ದು ಜಾಸ್ತಿ. ಪುಂಡಿ ಸೊಪ್ಪು ಎರಡೂ ಕಡೆಯವರಿಗೆ ಪ್ರಾಣ. ನಮ್ಮವರು ಅದನ್ನು ಎಣ್ಣೆಯಲ್ಲಿ ಬಾಡಿಸಿ, ಕೆಂಪು ಮೆಣಸಿನಕಾಯಿ ಹಾಕಿ ರುಬ್ಬಿ ಗೊಂಗೂರ ಪಚ್ಚಡಿ ಮಾಡುತ್ತಾರೆ. ಹಳ್ಳಿಯವರು ಬೇಳೆ, ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತಾರೆ. ನಾನಮ್ಮನಿಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಪಕ್ಕದ ಹಳ್ಳಿಯ ಗೌಡರ ಮನೆಯ ಅವ್ವ ಬಂದು, ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವುದು, ತಟ್ಟುವಾಗ ಅಂಗೈ ತಿರುಗಿಸುವುದು, ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಸವರುವುದು ಎಲ್ಲ ಹೇಳಿಕೊಟ್ಟರು. ಈಗ ನಮ್ಮ ಮನೆಯಲ್ಲಿ ರಾತ್ರಿ ರೊಟ್ಟಿ, ಪುಂಡಿ ಪಲ್ಯ. ಸಕ್ಕರೆ ಕಾಯಿಲೆ ಬಂದ ಮೇಲೆ ಅಕ್ಕಿ ಬೆಳೆಯುವ ಕ್ಯಾಂಪಿನವರೇ ಜೋಳ ಕೊಂಡು ತಿನ್ನುತ್ತಿದ್ದಾರೆ!

ಸಂಕ್ರಾಂತಿಗೆ ಕ್ಯಾಂಪಿನ ಬೀದಿಗಳಲ್ಲಿ ಜಾಗ ಬಿಡದೆ ರಂಗೋಲಿ, ಭೋಗಿ ಬೆಂಕಿ. ಹಳ್ಳಿಗಳಲ್ಲಿ ಎಳ್ಳಮಾವಾಸ್ಯೆ ದೊಡ್ಡದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಆ ಅಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚೆಲ್ಲುತ್ತಾರೆ. ನಮ್ಮ ಹೊಲಕ್ಕೆ ನೀರು ಕಟ್ಟುತ್ತಿದ್ದ ಆ ಅಜ್ಜ ನೆಲ್ಲಿನ ಗದ್ದೆಯಲ್ಲೂ ಚರಗ ಚೆಲ್ಲುತ್ತಿದ್ದರು. ತಾತ ಬೇಡ ಅನ್ನಲಿಲ್ಲ, ಆಮೇಲೆ ತಾವೂ ಜೊತೆಗೆ ಹೋಗಲು ಶುರು ಮಾಡಿದರು.

ಮದುವೆ ವಿಷಯ ಕೇಳಬೇಡಿ. ಮೊದಲೆಲ್ಲ ಹೆಣ್ಣು ತರುವುದು, ಕೊಡುವುದು ಗೋದಾವರಿ ಕಡೆಯೇ. ಈಗ ಕ್ಯಾಂಪಿನಿಂದ ಕ್ಯಾಂಪಿಗೆ. ಹಳ್ಳಿಗೂ ಕ್ಯಾಂಪಿಗೂ ಮದುವೆಯಾದ ಜೋಡಿಗಳು ಇದ್ದಾರೆ, ಬೆರಳೆಣಿಕೆ. ಎಪ್ಪತ್ತು ವರ್ಷದ ಪಕ್ಕದ ಮನೆಯವರಿಗೆ ಇದು ಜಾಸ್ತಿಯೇನಲ್ಲ. ಎರಡೂ ಕಡೆಯವರು ಸಮಾನವಾಗಿ ಬೈಯುವ ಸಂಗತಿ ಒಂದಿದೆ: ನಾಟಿ ಕಾಲದಲ್ಲಿ ಟ್ರ್ಯಾಕ್ಟರಿನ ಕೇಜ್‌ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಬಿಚ್ಚದೆ ಡಾಂಬರು ರಸ್ತೆ ಮೇಲೆ ಓಡಿಸಿ ಅದನ್ನು ಉತ್ತುಬಿಡುವುದು. ಅದರಲ್ಲಿ ಕ್ಯಾಂಪು, ಹಳ್ಳಿ ಅಂತ ಭೇದ ಇಲ್ಲ, ಎಲ್ಲರೂ ಓಡಿಸುತ್ತಾರೆ.

ಪ್ರಶ್ನೆ: ಸಿಂಧನೂರು ಹತ್ತಿರ ಬಂಗಾಳಿ ಮಾತಾಡುವವರ ಊರುಗಳಿವೆಯಂತೆ? (ಓದುಗರು, ಮೈಸೂರು)

ಇವೆ. ಆರ್.ಎಚ್. (ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ) ಕ್ಯಾಂಪುಗಳು ಅಂತ, ಒಂದನೇ ನಂಬರು, ಎರಡನೇ ನಂಬರು ಅಂತಲೇ ಕರೆಯುತ್ತಾರೆ. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಹಿಂದೂ ಕುಟುಂಬಗಳಿಗೆ ಸರ್ಕಾರವೇ ಇಲ್ಲಿ ಜಮೀನು, ಮನೆ ಕೊಟ್ಟಿತು. ನಮ್ಮಂತೆ ಹೊಲ ನೋಡಿ ಆರಿಸಿಕೊಂಡು ಬಂದವರಲ್ಲ, ಆ ವ್ಯತ್ಯಾಸ ದೊಡ್ಡದು. ದುರ್ಗಾಪೂಜೆ ಜೋರಾಗಿ ಮಾಡುತ್ತಾರೆ. ಸಿಂಧನೂರು ಸಂತೆಯಲ್ಲಿ ಮೀನಿನ ವಿಷಯ ಬಂದರೆ ಅವರ ಮಾತೇ ಅಂತಿಮ. ಎಷ್ಟೋ ಜನ ಇಲ್ಲೇ ಮುದುಕರಾದರೂ ಪೌರತ್ವದ ಕಾಗದಕ್ಕಾಗಿ ಅಲೆದರು. 2024ರಲ್ಲಿ ಕೆಲವರಿಗೆ ಸಿಕ್ಕಿತು. ಅವರ ಕಥೆಯನ್ನು ಅವರೇ ಬರೆಯಬೇಕು, ಅಲ್ಲಿಯ ಓದುಗರು ಇದ್ದರೆ ದಯವಿಟ್ಟು ಪತ್ರ ಹಾಕಿ.

ಪ್ರಶ್ನೆ: ನಮ್ಮ ಅಜ್ಜ ಕಾರಟಗಿ ಕಡೆ ಹೊಲ ಮಾರಿ ಹುಬ್ಬಳ್ಳಿಗೆ ಬಂದರಂತೆ. ಜಗಳಕ್ಕಲ್ಲ, ಯಾವ ಹೊಲ ಅಂತ ಒಮ್ಮೆ ನೋಡಬೇಕು ಅನಿಸುತ್ತದೆ. ಹೇಗೆ ಹುಡುಕುವುದು? (ಓದುಗಿ, ಹುಬ್ಬಳ್ಳಿ)

ಖಂಡಿತ ಹುಡುಕಬಹುದು. ಊರಿನ ಹೆಸರು, ಅಜ್ಜನ ಹೆಸರು, ಅವರ ತಂದೆಯ ಹೆಸರು ಮೊದಲು ಬರೆದಿಟ್ಟುಕೊಳ್ಳಿ. ಸರ್ವೆ ನಂಬರು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಮನೆಯಲ್ಲಿ ಹಳೇ ಟ್ರಂಕು ಇದ್ದರೆ ತಳದಲ್ಲಿ ನೋಡಿ, ಕಂದಾಯದ ರಸೀದಿಯಲ್ಲಿ ನಂಬರು ಇರುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ 1954–55ರ ಖಾಸ್ರಾ ಪಹಣಿಯ (ಯಾವ ಹೊಲ ಯಾರದ್ದು ಅಂತ ಬರೆದಿಟ್ಟ ಹಳೇ ದಾಖಲೆ) ನಕಲು ಕೇಳಿ. ಹೈದರಾಬಾದ್ ಕಾಲದ ಜಮೀನಿಗೆ ಅದೇ ಬುನಾದಿ. ಗಂಗಾವತಿ, ಕಾರಟಗಿ ಭಾಗ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಆಮೇಲೆ ಕೊಪ್ಪಳಕ್ಕೆ ಬಂತು. ಆದ್ದರಿಂದ ಒಂದು ಕಚೇರಿಯಲ್ಲಿ ಇಲ್ಲ ಅಂದರೆ ಇನ್ನೊಂದರಲ್ಲಿ ವಿಚಾರಿಸಿ. ಹಳೆಯ ಬರಹ ಉರ್ದುವಿನಲ್ಲಿ ಇರುತ್ತದೆ. ಗಾಬರಿಯಾಗಬೇಡಿ, ಓದಿ ಹೇಳುವ ಹಿರಿಯರು ಗಂಗಾವತಿಯಲ್ಲಿ ಇನ್ನೂ ಸಿಗುತ್ತಾರೆ.

ಸಿಂಧನೂರಿನವರೆಗೆ 2024ರಿಂದ ರೈಲು ಬರುತ್ತಿದೆ, ಕಾರಟಗಿಯಲ್ಲೇ ಇಳಿಯಬಹುದು. ಬರುವುದಾದರೆ ನವೆಂಬರಿನಲ್ಲಿ ಬನ್ನಿ, ನೆಲ್ಲು ಕೊಯ್ಲಿಗೆ ಬಂದಿರುತ್ತದೆ, ಬದುವಿನ ಮೇಲೆ ನಡೆಯಲು ಆಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಂದರೆ ಮೊಣಕಾಲುವರೆಗೆ ಕೆಸರು. ಹೊಲದ ಈಗಿನ ಮಾಲೀಕರಿಗೆ ಮೊದಲೇ ಫೋನ್ ಮಾಡಿ, ‘ನೋಡಲು ಬರುತ್ತಿದ್ದೇವೆ, ಕೇಳಲು ಅಲ್ಲ’ ಅಂತ ಹೇಳಿ. ಇಲ್ಲದಿದ್ದರೆ ಅವರು ವಕೀಲರನ್ನು ಕರೆಸಿ ಕೂರಿಸಿಕೊಂಡಿರುತ್ತಾರೆ.